ಹುಳುಕಡ್ಡಿ ತಿಂದ ಮೂರು ವರ್ಷ

ಮೊನ್ನೆ ಪಕ್ಕದ ಮನೆಯ ಹುಡುಗಿಯನ್ನು ಚರ್ಮದ ಡಾಕ್ಟರಿಗೆ ತೋರಿಸಲು ಅವಳ ತಾಯಿಯ ಜೊತೆ ನಾನೂ ಹೋಗಿದ್ದೆ. ತಲೆಯಲ್ಲಿ ನಾಲ್ಕಾಣೆ ಅಗಲದ ಬೋಳು ಮಚ್ಚೆ. ಡಾಕ್ಟರು ಒಂದು ಸಲ ಬಗ್ಗಿ ನೋಡಿ, "ಹುಳುಕಡ್ಡಿ ಕಣ್ರೀ. ಮಾತ್ರೆ ಬರ್ಕೊಡ್ತೀನಿ. ಕೂದಲು ತೆಗೆಸೋದೇನೂ ಬೇಡ. ಸ್ಕೂಲಿಗೆ ಕಳ್ಸಿ" ಎಂದರು. ಹುಡುಗಿ ಚೀಲ ಬೆನ್ನಿಗೇರಿಸಿಕೊಂಡು ಅಲ್ಲಿಂದಲೇ ಶಾಲೆಗೆ ಹೋದಳು. ತಾಯಿ ನನ್ನ ಕೈ ಹಿಡಿದು, "ಸದ್ಯ, ಏನೂ ಇಲ್ವಂತೆ ಅಜ್ಜಿ" ಎಂದಳು.

ನಾನೂ ಸಂತೋಷಪಡಬೇಕಿತ್ತು. ಬದಲಿಗೆ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾಗದ, ಮೊಮ್ಮಕ್ಕಳನ್ನು ಕಂಡವಳಿಗೆ ಶೋಭಿಸದ ಸಿಟ್ಟು. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಪ್ಲೇಗಿನ ಬಗ್ಗೆ ಬರೆದವರಿದ್ದಾರೆ, ಕ್ಷಯದ ಬಗ್ಗೆ ಬರೆದವರಿದ್ದಾರೆ. ಹುಳುಕಡ್ಡಿಯ ಬಗ್ಗೆ ಯಾರು ಬರೆಯುತ್ತಾರೆ? ಅದರಿಂದ ಯಾರೂ ಸಾಯುವುದಿಲ್ಲ. ಕೊಲ್ಲದ ರೋಗಕ್ಕೆ ಮರ್ಯಾದೆಯಿಲ್ಲ. ಆದರೆ ಅಂಥ ರೋಗ ಹಿಡಿದು ಬಾಗಿಲ ಹಿಂದೆ ಕೂತ ಮಗು ಯಾರ ಮನೆಯಲ್ಲಾದರೂ ಇದ್ದರೆ, ಅದಕ್ಕೆ ಇದನ್ನು ಓದಿ ಹೇಳಿ.

ನಮ್ಮಪ್ಪ ಹೊಳಲೂರಿನವರು. ಇದ್ದ ಗದ್ದೆ ಅಣ್ಣತಮ್ಮಂದಿರಲ್ಲಿ ಹಂಚಿಹೋದ ಮೇಲೆ ಭದ್ರಾವತಿಗೆ ಬಂದು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಲಿತರು. ಈಗ ನ್ಯೂ ಟೌನ್ ಎನ್ನುವ ಕಡೆ ನಮಗೊಂದು ಸಾಲುಮನೆ ಸಿಕ್ಕಿತ್ತು. ಒಂದು ಗೋಡೆಯಾಚೆ ತಮಿಳರು, ಇನ್ನೊಂದು ಗೋಡೆಯಾಚೆ ತೆಲುಗರು. ಹೊಳಲೂರಿನಲ್ಲೇ ಉಳಿದ ಅಜ್ಜಿ ಮಾತ್ರ ಕೊನೆಯವರೆಗೂ ಭದ್ರಾವತಿಯನ್ನು ಅದರ ಹಳೆಯ ಹೆಸರಿನಲ್ಲಿ ಬೆಂಕೀಪುರ ಎಂದೇ ಕರೆದಳು. ಕುಲುಮೆಯ ಉರಿ ಕಂಡ ಮೇಲಂತೂ ಆ ಹೆಸರೇ ಸರಿ ಎನ್ನುತ್ತಿದ್ದಳು.

ಮೂವತ್ತರ ದಶಕದ ಮಾತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರನೇ ಕ್ಲಾಸು. ಮಗ್ಗಿಯಲ್ಲಿ ನನ್ನನ್ನು ಹಿಂದೆ ಹಾಕುವವರು ಯಾರೂ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಏಕೆಂದರೆ ಆಮೇಲೆ ಹೇಳಿಕೊಳ್ಳಲು ಬಹಳ ಕಾಲ ಏನೂ ಉಳಿಯಲಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಸರ್ಕಾರದ ಡಾಕ್ಟರು ಶಾಲೆಗೆ ಬಂದರು. ನಮ್ಮನ್ನೆಲ್ಲ ಜಗುಲಿಯ ಮೇಲೆ ಸಾಲಾಗಿ ನಿಲ್ಲಿಸಿದರು. ಹೊಟ್ಟೆ ಒತ್ತಿ ಮಲೇರಿಯಾದ ಜ್ವರಗಡ್ಡೆ ಇದೆಯೇ ಎಂದು ನೋಡುವುದು, ಕಣ್ಣರೆಪ್ಪೆ ಮಗುಚುವುದು, ನಾಲಿಗೆ ಚಾಚಿಸುವುದು. ಇವೆಲ್ಲ ಹೋದ ವರ್ಷವೂ ಆಗಿದ್ದವು. ಈ ಸಲ ಹೊಸದೊಂದು ಸೇರಿತ್ತು. ಡಾಕ್ಟರು ಕೈಯಲ್ಲಿದ್ದ ಪೆನ್ಸಿಲ್ಲಿನಿಂದ ಜಡೆ ಎತ್ತಿ ತಲೆ ನೋಡುತ್ತಿದ್ದರು. ನನ್ನ ಜಡೆ ಎತ್ತಿದವರು ಅಲ್ಲೇ ನಿಂತರು. ಕಿವಿಯ ಹಿಂದೆ ಕೆಲವು ದಿನದಿಂದ ತುರಿಕೆ ಇದ್ದದ್ದು ನನಗೂ ಗೊತ್ತಿತ್ತು. ಹೇನು ಎಂದುಕೊಂಡಿದ್ದೆ.

"ಇದನ್ನ ಈಗಲೇ ಮನೆಗೆ ಕಳ್ಸಿ" ಎಂದರು ಡಾಕ್ಟರು, ಹೆಡ್ ಮೇಡಮ್ಮನ ಕಡೆ ತಿರುಗಿ. "ತಲೆ ಬೋಳಿಸಿ ಮುಲಾಮು ಹಚ್ಚಲಿ. ವಾಸಿಯಾಗೋ ತನಕ ಇಲ್ಲಿಗೆ ಬರಬಾರದು."

ಹೆಡ್ ಮೇಡಮ್ಮ ಒಳಗಿನಿಂದ ಸ್ಲೇಟಿದ್ದ ನನ್ನ ಚೀಲವನ್ನು ಕೈಯಾರೆ ತಂದು ಕೊಡಲಿಲ್ಲ. ಆಯಾ ಅದನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ತಂದು ನೆಲದ ಮೇಲಿಟ್ಟಳು. ಸಾಲಿನಲ್ಲಿದ್ದ ಹುಡುಗಿಯರು ಬಟ್ಟೆ ಒದ್ದೆಯಾದೀತೆಂದು ಸರಿಯುವವರಂತೆ ಎರಡೂ ಕಡೆಗೆ ಸರಿದರು. ಪಕ್ಕದ ಮನೆಯ ಸೆಲ್ವಿಯೂ ಸರಿದಳು.

ಅದೇ ವಾರ ನನ್ನ ತಮ್ಮ ಬಸವನ ತಲೆಯಲ್ಲೂ ಮಚ್ಚೆ ಕಂಡಿತು. ಅವನಿಂದ ನನಗೆ ಬಂತೋ, ನನ್ನಿಂದ ಅವನಿಗೋ ಎನ್ನುವುದು ಇವತ್ತಿಗೂ ನಮ್ಮಿಬ್ಬರಲ್ಲಿ ಇತ್ಯರ್ಥವಾಗಿಲ್ಲ. ಅಪ್ಪ ಅವನನ್ನು ಕರೆದುಕೊಂಡು ಹೋಗಿ ಮರದಡಿ ಕೂತಿದ್ದ ಕ್ಷೌರಿಕನ ಮುಂದೆ ಕೂರಿಸಿ ತಲೆ ನುಣ್ಣಗೆ ಮಾಡಿಸಿದರು. ಟಿಂಚರ್ ಹಚ್ಚಿ, ಒಂದು ಬಿಳಿ ಟೋಪಿ ಹಾಕಿ ಗಂಡುಹುಡುಗರ ಶಾಲೆಗೆ ಕಳಿಸಿದರು. ಅಲ್ಲಿಯ ಮೇಷ್ಟ್ರು ಟೋಪಿ ತೆಗೆಯಬೇಡ ಎಂದರಂತೆ, ಅಷ್ಟೇ. ಅಲ್ಲಿ ಅಂಥ ಟೋಪಿಗಳು ಇನ್ನೂ ಎಷ್ಟೋ ಇದ್ದವು. ಬಸವ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ತಪ್ಪಿಸಲು ಬಿಡಲಿಲ್ಲವೆಂದು ಅವನೇ ಅತ್ತ.

ನನ್ನ ವಿಷಯಕ್ಕೆ ಬಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಹೆಣ್ಣುಹುಡ್ಗಿ ತಲೆಗೆ ಕತ್ತಿ ಹಾಕ್ಸೋದಾ? ನಾಲ್ಕು ಜನ ಏನಂದ್ಕೊಂತಾರೆ?"

"ಡಾಕ್ಟ್ರು ಹೇಳಿದಾರೆ ಮಾರಾಯ್ತಿ" ಎಂದರು ಅಪ್ಪ.

"ಡಾಕ್ಟ್ರಿಗೆ ಹೆಣ್ಣುಮಕ್ಳಿದ್ರೆ ಅವ್ರ ತಲೆ ಬೋಳಿಸ್ಲಿ."

ಹೀಗಾಗಿ ನಡುವಿನ ದಾರಿ ಹಿಡಿದರು. ಮಚ್ಚೆಯ ಸುತ್ತ ಮಾತ್ರ ಕೂದಲು ಕತ್ತರಿಸಿ ಗಂಧಕದ ಮುಲಾಮು ಹಚ್ಚಿದರು. ಹೊಳಲೂರಿನಿಂದ ಅಜ್ಜಿ ತಗಚೆ ಬೀಜ ತಂದು ಹುಳಿಮಜ್ಜಿಗೆಯಲ್ಲಿ ಅರೆದು ಮೆತ್ತಿದಳು. ಉರಿ ಎಂದರೆ ಅಂಗಳದಲ್ಲಿ ಓಡುವಷ್ಟು ಉರಿ. "ಉರಿದ್ರೆ ಹುಳ ಸಾಯ್ತಾ ಇದೆ ಅಂತ ಲೆಕ್ಕ" ಎನ್ನುತ್ತಿದ್ದಳು ಅಜ್ಜಿ. ಹುಳ ಸಾಯಲಿಲ್ಲ. ಒಂದು ಮಚ್ಚೆ ಇದ್ದದ್ದು ಮೂರಾಯಿತು, ಮೂರು ಸೇರಿ ಅಂಗೈಯಷ್ಟಾಯಿತು. ಅಲ್ಲಿಗೆ ವರ್ಷದ ಪರೀಕ್ಷೆ ಬಂದು ಹೋಯಿತು. ನಮ್ಮ ಕ್ಲಾಸಿನ ಹುಡುಗಿಯರು ನಾಲ್ಕಕ್ಕೆ ಹೋದರು.

ಬೇಸಿಗೆಯಲ್ಲಿ ಅಪ್ಪ ನನ್ನನ್ನು ರೈಲಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಆಸ್ಪತ್ರೆಯ ಹೆಂಗಸರ ಜಗುಲಿಯಲ್ಲಿ ಕೂರಲು ಜಾಗವಿರಲಿಲ್ಲ. ಚಳಿಜ್ವರದಲ್ಲಿ ನಡುಗುವವರು, ಹೊಟ್ಟೆ ಊದಿದ ಕೂಸುಗಳು, ಕಂಬಳಿ ಹೊದ್ದು ಮಲಗಿದ ಬಸುರಿ. ಅವರ ನಡುವೆ ನಾನು, ಕೈಕಾಲು ಗಟ್ಟಿಯಿದ್ದು, ಹಸಿವೆಯಾಗಿ ಕಡಲೆ ತಿನ್ನುತ್ತಾ ಕೂತಿದ್ದೆ. "ನಿಂಗೇನಾಗಿದೆ ಮಗ?" ಎಂದು ಒಬ್ಬಾಕೆ ಕೇಳಿದಳು. ಹೇಳಿದೆ. ಆಕೆ ತನ್ನ ಕೂಸನ್ನು ಇನ್ನೊಂದು ತೊಡೆಯ ಮೇಲೆ ಹಾಕಿಕೊಂಡಳು. ನನಗೂ ಮಲೇರಿಯಾ ಬರಬಾರದಿತ್ತೇ ಎಂದು ಆಗ ನಿಜವಾಗಿ ಅನ್ನಿಸಿತು. ಜ್ವರ ಬಂದವರನ್ನು ಕಂಡು ಎಲ್ಲರೂ ಅಯ್ಯೋ ಎನ್ನುತ್ತಿದ್ದರು.

ಒಳಗಿದ್ದ ಡಾಕ್ಟರು ವಯಸ್ಸಾದವರು, ಗದರಲಿಲ್ಲ. "ನೋಡಪ್ಪ, ಇಷ್ಟು ಕೂದಲು ಇಟ್ಕೊಂಡು ಮುಲಾಮು ಹಚ್ಚೋದು ಅಂದ್ರೆ ಬೇರು ಬಿಟ್ಟು ಎಲೆ ತೊಳೆದ ಹಾಗೆ. ಮೊದ್ಲು ಬೋಳಿಸ್ಕೊಂಡು ಬಾ. ರೋಗ ಹಿಡಿದ ಕೂದಲು ಬೇರು ಸಮೇತ ಕೀಳ್ಬೇಕು. ವಾರ ವಾರ ಬರಬೇಕಾಗ್ತದೆ. ಯಾವಾಗ ವಾಸಿಯಾಗ್ತದೆ ಅಂತ ಮಾತ್ರ ನನ್ನ ಕೇಳ್ಬೇಡ."

ಹೊರಗೆ ಬಂದ ಅಪ್ಪ ನನ್ನ ಕೈ ಹಿಡಿದು ಪೇಟೆಯ ಕಡೆಗೆ, ಈಗಿನ ಗಾಂಧಿ ಬಜಾರಿನ ಕಡೆಗೆ, ನಡೆದರು. ಅಲ್ಲೊಂದು ಓಣಿಯಲ್ಲಿ ಕ್ಷೌರದ ಅಂಗಡಿ. ಅವ್ವನನ್ನು ಕೇಳುವುದು ಬೇಡ ಎಂದು ತೀರ್ಮಾನಿಸಿದ್ದರೆಂದು ಕಾಣುತ್ತದೆ.

"ಹೆಣ್ಣು ಮಗು ತಲೆಯಾ ಗೌಡ್ರೆ? ಹರಕೆನಾ?" ಎಂದ ಕ್ಷೌರಿಕ.

"ಹೂಂ, ತಿಮ್ಮಪ್ಪಂದು" ಎಂದುಬಿಟ್ಟರು ಅಪ್ಪ. ನಮ್ಮಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದೇವರ ಕೆಲಸವೆಂದು ಆತ ಬಹಳ ಭಕ್ತಿಯಿಂದ ಶುರುಮಾಡಿದ. ಮೊದಲು ಜಡೆ ಕತ್ತರಿಸಿ ಎಲೆಯಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟ. ನೆತ್ತಿಗೆ ನೀರು ತಟ್ಟಿ, ಹಣೆಯಿಂದ ಹಿಂದಕ್ಕೆ ಕತ್ತಿ ಎಳೆಯುತ್ತಾ, ತಿರುಪತಿಗೆ ತಾನು ಹೋಗಿ ಬಂದ ಕಥೆ ಹೇಳುತ್ತಾ ಒಂದು ಮಗ್ಗುಲು ಮುಗಿಸಿದ. ಇನ್ನೊಂದು ಮಗ್ಗುಲಿಗೆ ತಿರುಗಿಸಿದಾಗ ಕಥೆ ನಿಂತಿತು.

"ಗೌಡ್ರೇ, ಇದೇನಿದು?"

ಅಪ್ಪ ಜಡೆಯ ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ದೇವರ ಹೆಸರು ಹೇಳಿ ನನ್ನ ಕತ್ತಿಗೆ ಹುಳುಕಡ್ಡಿ ಹತ್ತಿಸ್ತೀರಲ್ಲ! ಇದನ್ನ ಯಾರಾದ್ರೂ ನೋಡಿದ್ರೆ ನಾಳೆ ನನ್ನ ಅಂಗಡಿಗೆ ಯಾರು ಬರ್ತಾರೆ? ಏಳಮ್ಮ, ಏಳು."

ಈಗ ಯೋಚಿಸಿದರೆ ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. ಆಗ ಅದೆಲ್ಲ ಹೊಳೆಯುವ ವಯಸ್ಸಲ್ಲ. ಅರ್ಧ ಬೋಳು, ಅರ್ಧ ಕೂದಲು. ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ತಲೆಗೆ ಸುತ್ತಿದರು. ರೈಲಿನಲ್ಲಿ ಸೆಕೆಗೆ ತಲೆಯೆಲ್ಲ ತುರಿಸುತ್ತಿತ್ತು. ಅದರೊಳಗೆ ಕೈ ಹಾಕಲು ಹೋದಾಗಲೆಲ್ಲ ಅಪ್ಪ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು.

ಮನೆಯಲ್ಲಿ ಟವೆಲ್ಲು ಬಿಚ್ಚಿದಾಗ ಅವ್ವ ಕೂಗಾಡುತ್ತಾಳೆಂದು ನಾವಿಬ್ಬರೂ ಸಿದ್ಧವಾಗಿದ್ದೆವು. ಅವಳು ಕೂಗಾಡಲಿಲ್ಲ. ಅಪ್ಪನ ಕಡೆ ನೋಡಲೂ ಇಲ್ಲ. "ಬಾ" ಎಂದು ನನ್ನನ್ನು ಬಚ್ಚಲಿನ ಕಲ್ಲಿನ ಮೇಲೆ ಕೂರಿಸಿದಳು. ಅಪ್ಪನ ಗಡ್ಡದ ಕತ್ತಿ ತಂದಳು. ಅಷ್ಟು ತಿಂಗಳು ಬೇಡವೆಂದು ಹಟ ಹಿಡಿದವಳು ತಾನೇ ಉಳಿದರ್ಧ ಬೋಳಿಸಿದಳು. ಕೈ ಪಳಗಿರಲಿಲ್ಲ, ಎರಡು ಕಡೆ ಕುಯ್ದಳು. ಮುಗಿದ ಮೇಲೆ ಬಿಸಿನೀರು ಹೊಯ್ದು, ದೂರ ನಿಂತು ನೋಡಿದಳು.

"ಥೇಟ್ ನಿಮ್ಮಜ್ಜ ಕಣೇ" ಎಂದು ನಕ್ಕಳು. ನಗುತ್ತಲೇ ಅಳುವುದಕ್ಕೆ ಶುರುಮಾಡಿದಳು. ಅವಳನ್ನು ನೋಡಿ ನಾನೂ ಅತ್ತೆ.

ಅಪ್ಪ ಹೇಳಿದ ಸುಳ್ಳು ಅವ್ವನಿಗೆ ಒಂದು ರೀತಿಯಲ್ಲಿ ಅನುಕೂಲವಾಯಿತು. ನಲ್ಲಿಯ ಹತ್ತಿರ ಕೇಳಿದವರಿಗೆಲ್ಲ ಹರಕೆ ಎಂದಳು. ಪಕ್ಕದ ಮನೆಯ ಕಣ್ಣಮ್ಮ, ಸೆಲ್ವಿಯ ತಾಯಿ, ಪ್ರಸಾದ ಕೇಳಿಕೊಂಡು ಬಂದಾಗ, "ಇಲ್ಲೇ ಮುಡಿ ತೆಗೆಸಿದ್ವಿ ಕಣಮ್ಮ, ಬೆಟ್ಟಕ್ಕೆ ಆಮೇಲೆ ಹೋಗ್ತೀವಿ" ಎಂದು ಕಳಿಸಿದಳು. ತೊಂದರೆ ಏನೆಂದರೆ ಕೂದಲು ಬೆಳೆಯುತ್ತದೆ. ಚಿಗುರಿದ ಹಾಗೆಲ್ಲ ಬೋಳಿಸಬೇಕೆಂದು ಡಾಕ್ಟರ ಅಪ್ಪಣೆ. ಎರಡನೇ ಸಲಕ್ಕೆ ಅವ್ವ, ಅದು ಅಜ್ಜಿ ಹೊತ್ತ ಹರಕೆ ಎಂದಳು. ಮೂರನೇ ಸಲ ಕಣ್ಣಮ್ಮ ಗೋಡೆಯ ಮೇಲಿಂದ ಇಣುಕಿ, "ಏನಮ್ಮಾ, ಪೆರುಮಾಳು ಬಡ್ಡಿ ಸಮೇತ ವಸೂಲ್ ಮಾಡ್ತಿದಾನಾ?" ಎಂದಳು.

ಅವ್ವನಿಗೆ ಇನ್ನೊಂದು ಸುಳ್ಳು ಹೊಳೆಯಲಿಲ್ಲ. "ಹುಳುಕಡ್ಡಿ ಕಣಮ್ಮ" ಎಂದುಬಿಟ್ಟಳು.

ಕಣ್ಣಮ್ಮ ಸುತ್ತ ನೋಡಿ ನಮ್ಮ ಹಿತ್ತಿಲಿಗೇ ಬಂದಳು. ಜೊತೆಗೆ ಸೆಲ್ವಿಯನ್ನೂ ಎಳೆದುಕೊಂಡು ಬಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಅವಳ ಜಡೆಯನ್ನು ಪಕ್ಕಕ್ಕೆ ಸರಿಸಿ ತೋರಿಸಿದಳು. ಕತ್ತಿನ ಹತ್ತಿರ ನನ್ನದೇ ಥರದ ಮಚ್ಚೆ.

"ನಿನ್ ಮಗಳನ್ನ ಓಡಿಸಿದ್ದು ನೋಡಿದ್ಮೇಲೆ ನಾನು ಬಾಯಿ ಬಿಡ್ತೀನಾ? ಡಾಕ್ಟ್ರು ಬರೋ ದಿನ ಇವಳಿಗೆ ಹೊಟ್ಟೆನೋವು" ಎಂದಳು ಕಣ್ಣಮ್ಮ. "ನೀನೂ ಯಾರಿಗೂ ಹೇಳ್ಬೇಡಮ್ಮಾ. ನಿಂಗೆ ಪುಣ್ಯ ಬರ್ತದೆ."

ಅವ್ವ ಯಾರಿಗೂ ಹೇಳಲಿಲ್ಲ. ನಾನು? ಆ ದಿನ ನನಗಾದ ಹೊಟ್ಟೆಕಿಚ್ಚನ್ನು ಯಾವ ತಗಚೆ ಬೀಜದ ಉರಿಗೂ ಹೋಲಿಸಲಾರೆ. ತಲೆ ತೋರಿಸಿ, ಬೋಳಿಸಿಕೊಂಡು, ಮುಲಾಮು ಮೆತ್ತಿಕೊಂಡವಳು ಮನೆಯಲ್ಲಿ. ಮುಚ್ಚಿಟ್ಟುಕೊಂಡು ಎಲ್ಲರಿಗೂ ಹಂಚುತ್ತಾ ಕೂತವಳು ನಾಲ್ಕನೇ ಕ್ಲಾಸಿನಲ್ಲಿ. ಹೆಡ್ ಮೇಡಮ್ಮನಿಗೆ ಹೋಗಿ ಹೇಳಿಬಿಡಬೇಕೆಂದು ಬಾಯಿ ತುದಿಗೆ ಬರುತ್ತಿತ್ತು. ಹೇಳಲಿಲ್ಲ. ಒಳ್ಳೆಯತನದಿಂದಲ್ಲ. ಅವತ್ತಿನಿಂದ ಸೆಲ್ವಿ ದಿನಾ ಸಂಜೆ ಬಂದು ಆ ದಿನದ ಪಾಠ ಹೇಳಿಕೊಡತೊಡಗಿದ್ದಳು. ಅವಳೂ ಮನೆಯಲ್ಲಿ ಕೂತರೆ ನನಗೆ ಪಾಠ ಯಾರು ತರುತ್ತಾರೆ?

ಅವ್ವ ನನಗೆ ಅಪ್ಪನ ಹಳೆಯ ಅಂಗಿಯ ಬಟ್ಟೆಯಲ್ಲಿ ಒಂದು ಟೋಪಿ ಹೊಲಿದಳು. ಕಿವಿ ಮುಚ್ಚುವಂಥದ್ದು, ಗದ್ದದ ಕೆಳಗೆ ಕಟ್ಟಲು ಲಾಡಿ ಬೇರೆ. ಅದನ್ನು ತೊಡಿಸಿ ನನ್ನನ್ನು ಶಾಲೆಗೆ ಕರೆದುಕೊಂಡು ಹೋದಳು. ಹೆಡ್ ಮೇಡಮ್ಮ ನಮ್ಮನ್ನು ಜಗುಲಿಯಲ್ಲೇ ನಿಲ್ಲಿಸಿ ಮಾತಾಡಿಸಿದರು.

"ಅಮ್ಮಾವ್ರೇ, ನನ್ನ ಮಗ ಟೋಪಿ ಹಾಕ್ಕೊಂಡು ಗಂಡುಮಕ್ಳ ಸ್ಕೂಲಿಗೆ ಹೋಗ್ತಾ ಇದಾನೆ. ಇವಳನ್ನೂ ಹಂಗೇ ಒಂದು ಮೂಲೇಲಿ ಕೂರಿಸ್ಕೊಳ್ಳಿ" ಎಂದಳು ಅವ್ವ.

ಹೆಡ್ ಮೇಡಮ್ಮ ಕೆಟ್ಟವರಾಗಿರಲಿಲ್ಲ. ನನ್ನ ಸಿಟ್ಟಿಗೆ ಇದೂ ಒಂದು ತೊಡಕು. ಮೈಸೂರು ಕಡೆಯವರು, ಒಬ್ಬರೇ ಇದ್ದರು, ಶಾಲೆ ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ.

"ನೋಡಮ್ಮ, ಗಂಡುಮಕ್ಕಳನ್ನ ಯಾವ ತಂದೇನೂ ಶಾಲೆ ಬಿಡಿಸಲ್ಲ. ಹೆಣ್ಣುಮಕ್ಕಳನ್ನ ಬಿಡಿಸೋಕೆ ಒಂದು ನೆಪ ಸಾಕು. ನಾನು ಮನೆ ಮನೆಗೆ ಹೋಗಿ ಕೈಮುಗಿದು ಕರ್ಕೊಂಡು ಬಂದಿದೀನಿ. ನಿಮ್ಮ ಹುಡುಗಿ ತಲೆ ನೋಡಿ ಎಲ್ರೂ ತಂತಮ್ಮ ಮಕ್ಕಳನ್ನ ಕರ್ಕೊಂಡು ಹೋದ್ರೆ ನಾನು ಯಾರಿಗೆ ಪಾಠ ಮಾಡ್ಲಿ?"

"ಹಂಗಾದ್ರೆ ಇವಳ ಗತಿ?"

"ವಾಸಿ ಮಾಡಿಸ್ಕೊಂಡು ಬನ್ನಿ. ಡಾಕ್ಟ್ರು ನೋಡಿ ಆಗಬಹುದು ಅಂದ್ರೆ ಅವತ್ತೇ ಕೂರಿಸ್ಕೋತೀನಿ."

ಆ ಡಾಕ್ಟರು ಎಲ್ಲಿ? ಶಾಲೆಗೆ ಬರುತ್ತಿದ್ದವರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದವರು ಸಾಗರದ ಕಡೆ ಮಲೇರಿಯಾ ಕೆಲಸದಲ್ಲಿದ್ದರಂತೆ. ಶಿವಮೊಗ್ಗದ ಆಸ್ಪತ್ರೆಯ ಡಾಕ್ಟರು ಹೇಳಿದರೆ ಸಾಲದೇ ಎಂದರೆ, ಶಾಲೆಯ ಡಾಕ್ಟರೇ ಹೇಳಬೇಕಂತೆ. ಶಿವಮೊಗ್ಗದ ಡಾಕ್ಟರೂ ಆಗಬಹುದು ಎನ್ನುತ್ತಿರಲಿಲ್ಲ ಬಿಡಿ. "ಇನ್ನೂ ಇದೆಯಲ್ಲಮ್ಮ" ಎನ್ನುವುದು ಅವರ ಪ್ರತಿವಾರದ ಮಾತಾಗಿತ್ತು. ಕೆಲವು ವಾರ ಮಚ್ಚೆ ಮಾಯವಾದಂತೆ ಕಾಣುತ್ತಿತ್ತು. ಅವ್ವ ದೀಪ ಹಚ್ಚಿ ಕೈಮುಗಿಯುತ್ತಿದ್ದಳು. ಮುಂದಿನ ವಾರ ಹಿಂದಲೆಯಲ್ಲಿ ಹೊಸದೊಂದು ಎದ್ದಿರುತ್ತಿತ್ತು.

ಆಸ್ಪತ್ರೆಯಲ್ಲಿ ಕೂದಲು ಕೀಳುತ್ತಿದ್ದವರು ಮಂಗಳೂರಿನ ಕಡೆಯ ಒಬ್ಬ ನರ್ಸಮ್ಮ. ಮಚ್ಚೆಯ ಅಂಚಿನ ಕುರುಚಲು ಕೂದಲನ್ನು ಚಿಮಟದಲ್ಲಿ ಹಿಡಿದು ಒಂದೊಂದಾಗಿ ಕೀಳಬೇಕು. ಕಣ್ಣಲ್ಲಿ ತಾನಾಗಿ ನೀರು ಬರುತ್ತಿತ್ತು. ಮೊದಲ ದಿನ ಅಪ್ಪ, "ಅಳಬಾರದು, ನೀನು ಧೈರ್ಯವಂತೆ" ಎಂದಾಗ ಆಕೆ ಅಪ್ಪನನ್ನು ಹೊರಗೆ ಕಳಿಸಿಬಿಟ್ಟರು. "ನೀನು ಬೇಕಾದಷ್ಟು ಅಳು ಮಗಾ, ತಲೆ ಮಾತ್ರ ಅಲ್ಲಾಡಿಸ್ಬೇಡ" ಎಂದರು. ಅಷ್ಟು ದಿನಗಳಲ್ಲಿ ನನಗೆ ಅಳಲು ಅನುಮತಿ ಕೊಟ್ಟವರು ಅವರೊಬ್ಬರೇ. ವಾರಪೂರ್ತಿ ಕೂಡಿಟ್ಟುಕೊಂಡದ್ದನ್ನೆಲ್ಲ ಅವರ ಸ್ಟೂಲಿನ ಮೇಲೆ ಕೂತು ಅತ್ತು ಮುಗಿಸುತ್ತಿದ್ದೆ. ಅವರು ನನ್ನನ್ನು ಬರಿಗೈಯಲ್ಲಿ ಮುಟ್ಟುತ್ತಿದ್ದರು. ಕೆಲಸ ಮುಗಿದ ಮೇಲೆ ಕೈ ಉಜ್ಜಿ ತೊಳೆಯುತ್ತಿದ್ದರು, ಸರಿಯೇ. ಆದರೆ ಮುಟ್ಟುವಾಗ ಹಿಂಜರಿಯುತ್ತಿರಲಿಲ್ಲ.

ಇನ್ನೊಂದು ಉಪಕಾರವನ್ನೂ ಬರೆಯಬೇಕು. ಒಂದು ವಾರ ರೈಲಿನಲ್ಲಿ ಟೋಪಿ ತೆಗೆದು ಗಾಳಿಗೆ ತಲೆಯೊಡ್ಡಿ ಕೂತಿದ್ದೆ. ಎದುರಿಗೆ ಕೆಂಪು ಸೀರೆಯುಟ್ಟು ತಲೆ ಬೋಳಿಸಿಕೊಂಡ ಒಬ್ಬ ಮುದುಕಿ, ಬ್ರಾಹ್ಮಣರ ಮನೆಯ ವಿಧವೆ. ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಅವರ ಕಣ್ಣಲ್ಲಿ ನೀರು ತುಂಬಿತು.

"ಅಯ್ಯೋ ನನ್ನ ಕಂದಾ, ಇಷ್ಟು ಎಳೇದಕ್ಕೇ ಬಂತಲ್ಲೇ! ನಂಗಾದ್ರೂ ಹದಿನಾಲ್ಕಾಗಿತ್ತು."

ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು. ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಾಬರಿಯಿಂದ, "ಇಲ್ಲ ಅಜ್ಜಿ, ನಂಗೆ ಮದ್ವೆನೇ ಆಗಿಲ್ಲ. ಹುಳುಕಡ್ಡಿ" ಎಂದೆ.

"ಹುಳುಕಡ್ಡಿಯಾ?"

"ಹೂಂ."

"ಬರೀ ಹುಳುಕಡ್ಡಿ?"

ಮುದುಕಿಯ ಮುಖ ಅರಳಿದ ರೀತಿಯನ್ನು ಏನೆಂದು ಹೇಳಲಿ! "ಹುಳುಕಡ್ಡಿ ಅಂತೆ ಕಣಪ್ಪಾ!" ಎಂದು ಪಕ್ಕದಲ್ಲಿದ್ದ ಗಂಡಸಿಗೆ ಶುಭಸಮಾಚಾರ ಹೇಳುವಂತೆ ಹೇಳಿದರು. "ಕೂದಲು ಬರ್ತದೆ ಮಗಳೇ. ನಿಂಗೆ ಮತ್ತೆ ಬರ್ತದೆ" ಎಂದು ಎರಡೆರಡು ಸಲ ಹೇಳಿದರು. ನನಗೆ ಹುಳುಕಡ್ಡಿಯಾಗಿದೆಯೆಂದು ಈ ಲೋಕದಲ್ಲಿ ಸಂತೋಷಪಟ್ಟವರು ಅವರೊಬ್ಬರು. ಮಡಿಯವರಾಗಿದ್ದರೂ ಇಳಿಯುವಾಗ ಕೈ ನೀಡಿ ನನ್ನ ಗಲ್ಲ ಮುಟ್ಟಿ ಹೋದರು. ನಾನು ಆ ದಾರಿಯುದ್ದಕ್ಕೂ ನನ್ನ ರೋಗವನ್ನು ಬಯ್ದುಕೊಳ್ಳಲಿಲ್ಲ.

ಹೀಗೆ ಇನ್ನೊಂದು ವರ್ಷ ಹೋಯಿತು. ಬಸವನ ತಲೆ ಯಾವಾಗಲೋ ವಾಸಿಯಾಗಿ ಅವನು ಕ್ರಾಪು ಬಿಟ್ಟಿದ್ದ. ಕಡೆಗೊಂದು ದಿನ ಹೊಸ ಡಾಕ್ಟರು ಶಾಲೆಗೆ ಬಂದರೆಂದು ತಿಳಿಯಿತು. ಅದೂ ಯಾರಿಗೂ ಮುಂಚೆ ಹೇಳದೆ ಬಂದಿದ್ದರು. ಹಾಗಾಗಿ ಸೆಲ್ವಿಗೆ ಹೊಟ್ಟೆನೋವು ಬರಲು ಸಮಯ ಸಿಗಲಿಲ್ಲ. ಎಲ್ಲರ ಜಡೆಯನ್ನೂ ಬಿಚ್ಚಿಸಿ ನೋಡಿದರಂತೆ. ಸಂಜೆ ಸೆಲ್ವಿ ಓಡಿಬಂದು ಏದುಸಿರು ಬಿಡುತ್ತಾ ಹೇಳಿದಳು: ತನಗೆ ಮಾತ್ರ ಅಲ್ಲ, ಪ್ರತಿ ಕ್ಲಾಸಿನಲ್ಲೂ ಇತ್ತು. ದೊಡ್ಡ ಬಂಗಲೆಗಳ ಹುಡುಗಿಯರಿಗೂ ಇತ್ತು. ಎಲ್ಲ ತಾಯಂದಿರೂ ಕಣ್ಣಮ್ಮನ ಹಾಗೇ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದು ಕಳಿಸುತ್ತಿದ್ದರು. ನನಗೆ ಏನಾಯಿತು ಎಂದು ಎಲ್ಲರೂ ನೋಡಿದ್ದರಲ್ಲ!

"ನಿಮ್ಮನ್ನೆಲ್ಲ ಮನೆಗೆ ಕಳಿಸಿದ್ರಾ?" ಎಂದೆ. ಕೇಳುವಾಗ ನನಗೆ ಸ್ವಲ್ಪ ಖುಷಿಯೂ ಇತ್ತು.

"ಇಲ್ಲ. ಇಷ್ಟು ಜನಾನ ಕಳಿಸಿದ್ರೆ ಸ್ಕೂಲೇ ಇರಲ್ಲ ಅಂದ್ರು ಡಾಕ್ಟ್ರು. ಕೂದಲು ಕತ್ತರಿಸಿ, ಟೋಪಿ ಹಾಕ್ಕೊಂಡು ಹಿಂದಿನ ಸಾಲಲ್ಲಿ ಕೂತ್ಕೋಬೇಕಂತೆ. ನರ್ಸು ಬಂದು ಅಲ್ಲೇ ಮುಲಾಮು ಹಚ್ತಾರಂತೆ."

ನಾನು ಎದ್ದು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಕಾಲಿನಿಂದ ಒದ್ದೆ. ಕಲ್ಲಿಗೇನೂ ಆಗಲಿಲ್ಲ, ನನ್ನ ಹೆಬ್ಬೆರಳಿನ ಉಗುರು ಕಿತ್ತುಬಂತು. ಒಬ್ಬಳಿಗೆ ಬಂದಾಗ ಅದು ಅಂಟುರೋಗ. ಊರಿಗೆಲ್ಲ ಬಂದಾಗ ಅದಕ್ಕೊಂದು ವ್ಯವಸ್ಥೆ. ಈ ವ್ಯವಸ್ಥೆಯನ್ನು ಮೊದಲ ದಿನವೇ ಮಾಡಿದ್ದರೆ ನನ್ನ ವರ್ಷಗಳೂ ಉಳಿಯುತ್ತಿದ್ದವು, ಅಷ್ಟು ಹುಡುಗಿಯರಿಗೆ ಹರಡುತ್ತಲೂ ಇರಲಿಲ್ಲ. ಇದನ್ನು ತಿಳಿಯಲು ಡಾಕ್ಟರಿಕೆ ಓದಬೇಕಾಗಿರಲಿಲ್ಲ.

ಮರುದಿನವೇ ಅವ್ವ ಟೋಪಿ ಹಿಡಿದುಕೊಂಡು ಶಾಲೆಗೆ ಓಡಿದಳು. ಬರಿಗೈಯಲ್ಲಿ ವಾಪಸು ಬಂದಳು. ನನ್ನ ಹೆಸರನ್ನು ಹಾಜರಿಯಿಂದ ತೆಗೆದು ಬಹಳ ಕಾಲವಾಗಿತ್ತು. ವರ್ಷದ ನಡುವೆ ಹೊಸದಾಗಿ ಸೇರಿಸಿಕೊಳ್ಳುವ ಹಾಗಿರಲಿಲ್ಲ. ಬೇಸಿಗೆ ರಜೆ ಮುಗಿದ ಮೇಲೆ ಬನ್ನಿ ಎಂದರಂತೆ.

ಆ ಬೇಸಿಗೆಯಲ್ಲಿ ನಾನು ದೊಡ್ಡವಳಾದೆ. ಅದಾದ ಸ್ವಲ್ಪ ಕಾಲಕ್ಕೇ ಮಚ್ಚೆಗಳು ಒಂದೊಂದಾಗಿ ಒಣಗಿದವು. ಮುಲಾಮಿನಿಂದಲ್ಲ, ಚಿಮಟದಿಂದಲ್ಲ. "ಈ ರೋಗ ಹೀಗೇನೇ. ಎಷ್ಟೋ ಮಕ್ಕಳಿಗೆ ವಯಸ್ಸಿಗೆ ಬಂದ್ಮೇಲೆ ತಾನಾಗೇ ಹೋಗಿಬಿಡ್ತದೆ" ಎಂದರು ಶಿವಮೊಗ್ಗದ ಡಾಕ್ಟರು, ಮೊದಲೇ ಗೊತ್ತಿದ್ದವರ ಹಾಗೆ. ನರ್ಸಮ್ಮ ಮಾತ್ರ ನನ್ನ ತಲೆಯ ಮೇಲೆ ಎರಡೂ ಕೈಯಾಡಿಸಿ, ಚಿಮ್ಮಿ ಬರುತ್ತಿದ್ದ ಕೂದಲನ್ನು ನೋಡಿ ಶಿಲುಬೆಯ ಗುರುತು ಮಾಡಿಕೊಂಡರು.

ತಲೆ ವಾಸಿಯಾಗಲೆಂದು ಮುಂದೂಡಿದ್ದ ಆರತಿಗೆ ಹೊಳಲೂರಿನಿಂದ ಅಜ್ಜಿ ಬಂದಳು. ಮೊಗ್ಗಿನ ಜಡೆ ಹಾಕಲು ಚೌರಿಯನ್ನೂ ತಂದಿದ್ದಳು. ಎರಡು ಬೆರಳಗಲದಷ್ಟೇ ಇದ್ದ ನನ್ನ ಕೂದಲಿಗೆ ಅದನ್ನು ಕಟ್ಟಲು ಇಡೀ ಬೆಳಿಗ್ಗೆ ಹೆಣಗಿದಳು. ಹಸೆಮಣೆಯ ಮೇಲೆ ಕೂತು ತಲೆ ಬಗ್ಗಿಸುತ್ತಲೇ ಹೂವಿನ ಸಮೇತ ಅದು ಕಳಚಿ ನನ್ನ ತೊಡೆಯ ಮೇಲೆ ಬಿತ್ತು. ಕಣ್ಣಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಜ್ಜಿ ನಗಲಿಲ್ಲ.

ಊಟವಾದ ಮೇಲೆ ಅಜ್ಜಿ ಅಪ್ಪನಿಗೆ ಹೇಳಿದಳು: "ತಲೆ ವಾಸಿಯಾಯ್ತು, ಹುಡ್ಗಿ ದೊಡ್ಡವಳಾದ್ಲು. ದೇವ್ರು ಎರಡೂ ಒಟ್ಟಿಗೆ ಮಾಡ್ದ. ಇನ್ನು ಶಾಲೆ ಗೀಲೆ ಅಂತ ಬೀದಿಗೆ ಬಿಡ್ಬೇಡ. ನಮ್ಮೂರ ಕಡೇಲೇ ಗಂಡು ನೋಡ್ತೀನಿ."

ಅಪ್ಪ ಇಲ್ಲವೆನ್ನಲಿಲ್ಲ. ನನ್ನ ಕಡೆ ನೋಡದೆ ಎಲೆಅಡಿಕೆ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಅಲ್ಲಿಗೆ ಎಲ್ಲ ಮುಗಿಯಿತು ಎಂದು ನನಗೆ ಗೊತ್ತಾಯಿತು. ರೋಗವಿದ್ದಾಗ ರೋಗವಿದೆಯೆಂದು ಶಾಲೆಯಿಲ್ಲ. ಯಾವುದರಿಂದ ರೋಗ ಹೋಯಿತೋ ಅದೇ ಕಾರಣಕ್ಕೆ ಈಗ ಶಾಲೆಯಿಲ್ಲ. ಯಾರ ಜೊತೆ ಜಗಳವಾಡುವುದು?

ಅವ್ವ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಅತ್ತೆಯೆದುರು ಅವಳು ದನಿಯೆತ್ತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವತ್ತೂ ಎತ್ತಲಿಲ್ಲ.

"ಇಷ್ಟು ವರ್ಷ ನಾನು ಇವಳ ತಲೆ ನನ್ನ ಕೈಯಾರೆ ಬೋಳ್ಸಿದೀನಿ ಅತ್ತೆ. ಶಾಲೆಗೆ ಹೋಗ್ಲಿ ಅಂತ ಬೋಳ್ಸಿದ್ದು. ಗಂಡಿನ ಮನೆಯೋರಿಗೆ ತೋರ್ಸೋಕಲ್ಲ."

ಅಜ್ಜಿ ಎದ್ದು ಹೋಗಿ ಜಗುಲಿಯಲ್ಲಿ ಕೂತಳು. ಅಪ್ಪ ಎಲೆಗೆ ಸುಣ್ಣ ಸವರಿ ಮಡಚಿ, "ಶಾಲೆ ಸೋಮವಾರ ಶುರುವಂತೆ" ಎಂದರು, ಅಷ್ಟೇ.

ಸೋಮವಾರ ಅವ್ವ ಮತ್ತು ನಾನು ಹೋದೆವು. ಟೋಪಿ ಹಾಕಿಕೊಳ್ಳಲಿಲ್ಲ. ಕುರುಚಲು ತಲೆ, ಮೊಣಕಾಲು ಮುಚ್ಚುವ ಲಂಗ. ಅವ್ವನಿಗಿಂತ ಸ್ವಲ್ಪವೇ ಗಿಡ್ಡವಾಗಿದ್ದೆ. ಹೆಡ್ ಮೇಡಮ್ಮ ನನ್ನ ತಲೆಯನ್ನು ಬೆಳಕಿಗೆ ತಿರುಗಿಸಿ, ಬೆರಳಿನಿಂದ ಕೂದಲು ಸರಿಸಿ ನಿಧಾನವಾಗಿ ನೋಡಿದರು. ಏನೂ ಸಿಗಲಿಲ್ಲ. ಆದರೂ ಅವರ ಮುಖದ ಮೇಲಿನ ಚಿಂತೆ ಹೋಗಲಿಲ್ಲ.

"ವಾಸಿಯಾಗಿದೆ, ಸಂತೋಷ" ಎಂದರು. "ಆದ್ರೆ ಅಮ್ಮ, ಇವಳು ಮೂರನೇ ಕ್ಲಾಸೂ ಮುಗಿಸಿಲ್ಲ. ಇಷ್ಟು ಬೆಳೆದಿರೋ ಹುಡುಗೀನ ಆ ಚಿಕ್ಕಮಕ್ಕಳ ಜೊತೆ ಹೇಗೆ ಕೂರಿಸ್ಲಿ? ಈ ವಯಸ್ಸಿಗೆ ಶುರುಮಾಡೋದು ಅಂದ್ರೆ..."

"ಈ ವಯಸ್ಸಿಂದ ಬೇಡ ಅಮ್ಮಾವ್ರೇ" ಎಂದಳು ಅವ್ವ. "ನೀವು ಮನೆಗೆ ಕಳ್ಸಿದ್ರಲ್ಲ, ಆ ವಯಸ್ಸಿಂದ ಶುರುಮಾಡಿ."

ಹೆಡ್ ಮೇಡಮ್ಮ ತಾವೇ ಮುಂದೆ ನಡೆದು ಮೂರನೇ ಕ್ಲಾಸಿನ ಬಾಗಿಲು ತಳ್ಳಿದರು. ಒಳಗಿದ್ದ ಪುಟ್ಟ ಹುಡುಗಿಯರು, ಹೊಸ ಉಪಾಧ್ಯಾಯಿನಿ ಬಂದರೆಂದು ತಿಳಿದು, ನನ್ನನ್ನು ಕಂಡು ದಡಬಡನೆ ಎದ್ದು ನಿಂತು ನಮಸ್ಕಾರ ಮಾಡಿದರು.